ರೀಡ್ ಸೀಳಿದಾಗ ಆಗುವ ಸಮಾಧಾನ

ಓಬೊ ಎಂಬ ಪಾಶ್ಚಾತ್ಯ ಊದುವಾದ್ಯ ನುಡಿಸುವವರು ಆಪ್ತಸಲಹೆಗೆಂದು ಬಂದಾಗ ಮೊದಲ ಭೇಟಿಯಲ್ಲಿ ತಮ್ಮ ಬಗ್ಗೆ ಹೇಳಿಕೊಳ್ಳುವುದು ಕಡಿಮೆ, ರೀಡಿನ, ಅಂದರೆ ತುಟಿಗಿಟ್ಟು ಊದುವ ಜೊಂಡಿನ ನಾಲಗೆಯ, ಬಗ್ಗೆ ಹೇಳುವುದೇ ಹೆಚ್ಚು. ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲೊಂದರಲ್ಲಿ ನಾನು ಕೊಟ್ಟ ಸಲಹೆ ಕಟುವಾಯಿತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರು ಮೂವತ್ತರ ಆಸುಪಾಸಿನವರು, ವಾದ್ಯವೃಂದದಲ್ಲಿ ಸ್ಥಾನ ಬಯಸಿ ಎರಡು ಆಡಿಷನ್‌ಗಳಲ್ಲಿ ಸೋತಿದ್ದವರು. ಮೊದಲನೆಯದರಲ್ಲಿ ರೀಡ್ ಕೈಕೊಟ್ಟಿತ್ತು. ಎರಡನೆಯದರಲ್ಲಿ, ಇಂಥ ಪರೀಕ್ಷೆಗಳಲ್ಲಿ ತಪ್ಪದೆ ಕೇಳುವ ಮೊಜಾರ್ಟನ ಓಬೊ ಕಾನ್ಚೆರ್ಟೊ ಎಂಬ ಕೃತಿ ನುಡಿಸುವಾಗ, ಪ್ರವೇಶದಲ್ಲೇ ನಾಲ್ಕು ಬಾರ್‌ಗಳ (ತಾಳದ ಆವರ್ತಗಳ) ಕಾಲ ಹಿಡಿದು ನಿಲ್ಲಿಸಬೇಕಾದ ಮೇಲಿನ ಸಿ ಸ್ವರದ ನಡುವೆ ಸ್ವರವನ್ನು ಮೇಲಿನ ಸ್ಥಾಯಿಗೇರಿಸುವ ಆಕ್ಟೇವ್ ಕೀಲಿಯ ರಂಧ್ರದಲ್ಲಿ ನೀರು ಕಟ್ಟಿ ಗೊರಗೊರ ಸದ್ದು ಬಂದಿತ್ತು. ಅಲ್ಲಿಂದಾಚೆಗೆ ರಾತ್ರಿ ನಿದ್ದೆಯಿಲ್ಲ, ಚಾಕು ಹಿಡಿದು ರೀಡ್ ಕೆರೆಯುವುದೊಂದೇ ಕೆಲಸ.

ಅವರು ರೀಡನ್ನು ದೂರುವುದು ನೆಪವೆಂದು ನಾನು ಭಾವಿಸಲಿಲ್ಲ, ಭಾವಿಸಬಾರದು ಕೂಡ. ಅರುಂಡೊ ಡೋನಾಕ್ಸ್ ಎಂಬ ಜೊಂಡನ್ನು ಸುಮಾರು 0.6 ಮಿಲಿಮೀಟರ್ ದಪ್ಪಕ್ಕೆ ತೋಡಿ, ಮಡಚಿ, ಕಾರ್ಕ್ ಸುತ್ತಿದ ಪುಟ್ಟ ಲೋಹದ ಕೊಳವೆಗೆ ದಾರದಿಂದ ಕಟ್ಟಿ, ತುದಿಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳ್ಳಗೆ ಕೆರೆದ ಮೇಲೆ ಸಿಗುವ ಆ ವಸ್ತು ಗಾಳಿಯ ತೇವ ಬದಲಾದರೆ ತಾನೂ ಬದಲಾಗುತ್ತದೆ. ಒಳ್ಳೆಯದೊಂದು ಸಿಕ್ಕಿದರೂ ಕೆಲವು ಗಂಟೆಗಳ ವಾದನದಲ್ಲಿ ಸೋತುಹೋಗುತ್ತದೆ. ಇಂಥದ್ದನ್ನು ನಂಬಿ ಬದುಕುವವರಿಗೆ ಆತಂಕ ಬಂದರೆ ಅದರಲ್ಲಿ ವಿಚಿತ್ರವೇನಿಲ್ಲ. ಈ ತಿಳಿವಳಿಕೆ ನನಗೆ ಮೊದಲೇ ಇತ್ತೆಂದೂ ಹೇಳಲಾರೆ. ಎರಡನೇ ಭೇಟಿಯಲ್ಲಿ ನಾನು ಅಭ್ಯಾಸಬಲದಿಂದ "ದೀರ್ಘವಾಗಿ ಉಸಿರು ತೆಗೆದುಕೊಳ್ಳಿ" ಎಂದಾಗ ಅವರು ನಕ್ಕುಬಿಟ್ಟರು. ಓಬೊ ರೀಡಿನ ಬಾಯಿ ಎಷ್ಟು ಕಿರಿದೆಂದರೆ ಒಳಗೆಳೆದ ಗಾಳಿ ಪೂರ್ತಿ ಹೊರಹೋಗುವುದೇ ಇಲ್ಲ, ಹಳೆಯ ಉಸಿರನ್ನು ಚೆಲ್ಲಲು ಜಾಗ ಸಿಗದೆ ನುಡಿಸುವವರು ಒದ್ದಾಡುತ್ತಾರೆ ಎಂಬುದನ್ನು ಆ ದಿನ ಅವರಿಂದ ಕಲಿತೆ.

ಐದನೇ ಭೇಟಿಗೆ ಅವರು ರೀಡಿನ ಡಬ್ಬಿಯೊಂದಿಗೆ ಬಂದಿದ್ದರು. ಮಾತಿನ ನಡುವೆ ಅದನ್ನು ತೆರೆದು, ಒಂದು ರೀಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುದಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸೀಳು ಕಾಣಿಸುತ್ತಿತ್ತು. ಮರುದಿನ ನುಡಿಸಲೆಂದು ಎತ್ತಿಟ್ಟಿದ್ದ ರೀಡ್ ಅದು. ಮುಖ ಬಾಡಬಹುದೆಂದು ನಾನು ಕಾದೆ. ಆದರೆ ಅಷ್ಟು ಹೊತ್ತು ಕಿವಿಯತ್ತ ಎತ್ತಿಕೊಂಡಿದ್ದ ಅವರ ಹೆಗಲು ಇಳಿದವು. "ಈಗ ನಿಮಗೇನನ್ನಿಸಿತು?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಸಮಾಧಾನವಾಯಿತು. ನಾಳೆ ಕೆಟ್ಟರೆ ತಪ್ಪು ನನ್ನದಲ್ಲ." ತುಸು ತಡೆದು, ಇನ್ನೂ ಮೆಲ್ಲಗೆ, "ನಿಜ ಹೇಳಬೇಕೆಂದರೆ, ರೀಡ್ ಚೆನ್ನಾಗಿರುವ ದಿನವೇ ನನಗೆ ಹೆಚ್ಚು ಭಯ" ಎಂದರು.

ನನ್ನ ಸಲಹೆಯೆಲ್ಲ ಹೊರಟದ್ದು ಈ ಮಾತಿನಿಂದ. ಮೊದಲು, ಮನಸ್ಸಿನ ಮಾತು ನಿಲ್ಲಿಸಿ ವಾದ್ಯವನ್ನು ರಿಪೇರಿಯವರಿಗೆ ತೋರಿಸಿ ಎಂದೆ. ನಮ್ಮ ವೃತ್ತಿಯವರಿಗೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವ ಚಾಳಿಯಿದೆ; ವಾದ್ಯದ ರಂಧ್ರ ಮುಚ್ಚುವ ಪ್ಯಾಡ್ ಸೋರಿದರೆ ಅದನ್ನು ಯಾವ ಆಪ್ತಸಲಹೆಯೂ ಮುಚ್ಚಲಾರದು. ಅವರು ಆಗಲೇ ವಾದ್ಯದ ಮೇಲಿನ ಭಾಗವನ್ನು ಕಳಚಿ, ಕೆಳತುದಿಯನ್ನು ಅಂಗೈಯಿಂದ ಮುಚ್ಚಿ, ರಂಧ್ರ ಮುಚ್ಚುವ ಕೀಲಿಗಳನ್ನೆಲ್ಲ ಒತ್ತಿ, ಬಾಯಿಂದ ಗಾಳಿಯನ್ನು ಹೀರಿ ತೋರಿಸಿದರು. ಸೋರಿಕೆಯಿಲ್ಲದಿದ್ದರೆ ಆ ಹಿಡಿತ ಕೆಲವು ಕ್ಷಣ ನಿಲ್ಲಬೇಕು, ಇಲ್ಲಿ ತಕ್ಷಣ ಬಿಟ್ಟುಹೋಯಿತು. ಎರಡನೆಯದಾಗಿ, ಮೂರು ರೀಡ್‌ಗಳನ್ನು ಬೇರೆ ಬೇರೆ ಬಣ್ಣದ ದಾರದಲ್ಲಿ ಕಟ್ಟಿಟ್ಟುಕೊಂಡು ಸರದಿಯಲ್ಲಿ ಬಳಸಬೇಕು, ಕಛೇರಿಯ ಹಿಂದಿನ ರಾತ್ರಿ ಚಾಕು ಮುಟ್ಟಕೂಡದು ಎಂದೆ. ಭಯದಲ್ಲಿ ಕೆರೆದ ರೀಡ್ ಉಳಿದದ್ದನ್ನು ಅವರೂ ಕಂಡಿರಲಿಲ್ಲ.

ಆಕ್ಷೇಪ ಬಂದದ್ದು ಮೂರನೆಯದಕ್ಕೆ. ಪ್ರತಿ ಅಭ್ಯಾಸದ ಕೊನೆಗೆ ಒಂದು ಪುಟವನ್ನು ಎರಡಾಗಿ ಭಾಗಿಸಿ, ಒಂದು ಕಡೆ ವಾದ್ಯದಿಂದ ಆದದ್ದು, ಇನ್ನೊಂದು ಕಡೆ ತನ್ನಿಂದ ಆದದ್ದು ಬರೆಯಬೇಕು, ಯಾವ ಕಡೆಯನ್ನೂ ಖಾಲಿ ಬಿಡಬಾರದು ಎಂದಿದ್ದೆ. ನಿದ್ದೆಗೆಟ್ಟವರ ಕೈಯಲ್ಲಿ ಅವರದೇ ತಪ್ಪು ಬರೆಸುವುದು ಗಾಯಕ್ಕೆ ಉಪ್ಪು ಸವರಿದಂತೆ ಎಂದರು ಸಹೋದ್ಯೋಗಿ. ನಾನು ಒಪ್ಪಲಿಲ್ಲ. ಇವರು ತಮ್ಮನ್ನು ಅತಿಯಾಗಿ ಹಳಿದುಕೊಳ್ಳುವವರೂ ಅಲ್ಲ, ಹೊಣೆ ಜಾರಿಸುವವರೂ ಅಲ್ಲ. "ಎಲ್ಲವೂ ನನ್ನಿಂದ" ಮತ್ತು "ಏನೂ ನನ್ನಿಂದಲ್ಲ" ಎಂಬ ಎರಡು ಗೋಡೆಗಳಿಗೆ ದಿನಕ್ಕೊಮ್ಮೆ ಬಡಿದುಕೊಳ್ಳುತ್ತಿದ್ದವರು. ಅಂಥವರಿಗೆ "ಹದಿನಾಲ್ಕನೇ ಬಾರ್‌ಗೆ ಮುಂಚೆ ಉಸಿರು ಚೆಲ್ಲಲು ಮರೆತೆ" ಎಂಬಷ್ಟು ಸಣ್ಣ ತಪ್ಪು ಕಾಣಬೇಕು. ಅಷ್ಟು ಸಣ್ಣದಾದರೆ ನಾಳೆ ಅದನ್ನು ತಿದ್ದಬಹುದು.

ಎಡವಿದ್ದು ನಾನು ಸಮಯದಲ್ಲಿ. ಮೇಲಿನ ಭಾಗದ ಒಂದು ಕಾರ್ಕ್ ಪ್ಯಾಡ್ ಸವೆದು, ಹೊಂದಾಣಿಕೆಯ ಸ್ಕ್ರೂ ಒಂದು ಜರುಗಿ, ತಿಂಗಳುಗಟ್ಟಲೆ ಗಾಳಿ ಸೋರುತ್ತಿತ್ತೆಂದು ರಿಪೇರಿಯಲ್ಲಿ ತಿಳಿದಾಗ ಅವರು ಹಬ್ಬದ ಮುಖ ಹೊತ್ತು ಬಂದರು. ನಾನು ಆ ಸಂತೋಷದಲ್ಲಿ ಪಾಲುಗೊಳ್ಳದೆ, ಸೀಳಿದ ರೀಡಿನ ಸಮಾಧಾನವೇ ದೊಡ್ಡದಾಗಿ ಮರಳಿದೆಯೆಂದು ಹೆದರಿ, "ಇನ್ನೊಂದು ಕಡೆ ಏನು ಬರೆದಿರಿ?" ಎಂದು ಕೇಳಿಬಿಟ್ಟೆ. ಎರಡು ವಾರ ಅವರು ಬರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತೆಂದು ಇಂದಿಗೂ ನಂಬುತ್ತೇನೆ, ಆದರೆ ಅದನ್ನು ಕೇಳಬೇಕಾದ ದಿನ ಅದಾಗಿರಲಿಲ್ಲ.

ಮೂರನೇ ವಾರ ಬಂದರು. ಪುಸ್ತಕ ತಂದಿದ್ದರು, ಎರಡೂ ಕಡೆ ತುಂಬಿತ್ತು. ಹೊರಡುವಾಗ ಬಾಗಿಲ ಬಳಿ ನಿಂತು, ಹಿಂದಿನ ದಿನ ನೀಲಿ ದಾರದ ರೀಡ್ ತುಟಿಯಲ್ಲಿರುವಾಗಲೇ ಸೀಳಿತೆಂದು ಹೇಳಿದರು. "ಸಮಾಧಾನವಾಯಿತೆ?" ಎಂದೆ.

"ಇಲ್ಲ, ಸಿಟ್ಟು ಬಂತು," ಎಂದರು. "ಎಷ್ಟು ಚೆನ್ನಾಗಿ ನುಡಿಯುತ್ತಿತ್ತು!"