ಬಾವಲಿಗೆ ರೇಡಿಯೋ ಅಂಟಿಸಿ ರಾತ್ರಿ ಹಿಂಬಾಲಿಸುವುದು ಹೇಗೆ? ಜಿಪಿಎಸ್ ಏಕೆ ಬಳಸುವುದಿಲ್ಲ? ಅದಕ್ಕೆ ಹಿಂಸೆಯಾಗುವುದಿಲ್ಲವೇ?

ಮಲೆನಾಡಿನ ಒಂದು ಅಧ್ಯಯನದಲ್ಲಿ ಎರಡು ಬೇಸಿಗೆ ಆಂಟೆನಾ ಹಿಡಿದು ಗುಡ್ಡ ಹತ್ತಿದವನು ನಾನು. ಕಂಡಷ್ಟನ್ನು ಹೇಳುತ್ತೇನೆ.

ಮೊದಲು ಜಿಪಿಎಸ್ ಮಾತು. ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ತೂಕ. ಬಾವಲಿಯ ಮೈತೂಕದ ಶೇ. 5ಕ್ಕಿಂತ ಹೆಚ್ಚು ಭಾರ ಹೊರಿಸಬಾರದು ಎಂಬುದು ಈ ಕೆಲಸದಲ್ಲಿ ರೂಢಿಯಾದ ನಿಯಮ. ಒಂದು ಕಿಲೋ ಆಸುಪಾಸು ತೂಗುವ ದೊಡ್ಡ ಹಣ್ಣುಬಾವಲಿಗೆ ಜಿಪಿಎಸ್ ಕೊರಳಪಟ್ಟಿ ಹೊರೆಯಲ್ಲ. ನಾವು ಹಿಂಬಾಲಿಸಿದ್ದು ಲೆಸ್ಸರ್ ಫಾಲ್ಸ್ ವ್ಯಾಂಪೈರ್ ಎಂಬ ಬಾವಲಿಯನ್ನು. ಹೆಸರಿಗೆ ಹೆದರಬೇಡಿ, ಅದು ರಕ್ತ ಕುಡಿಯುವುದಿಲ್ಲ. ಮಿಡತೆ, ಪತಂಗಗಳನ್ನು ತಿನ್ನುತ್ತದೆ. ತೂಕ ಸುಮಾರು 25 ಗ್ರಾಂ. ಬ್ಯಾಟರಿ, ಅಂಟು ಸೇರಿ ಒಂದೂಕಾಲು ಗ್ರಾಮಿನೊಳಗೆ ಎಲ್ಲವೂ ಮುಗಿಯಬೇಕು. ಅಷ್ಟು ಹಗುರದ ಜಿಪಿಎಸ್ ಉಪಕರಣಗಳು ಈಗ ಇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮಾಹಿತಿಯನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ, ಅದನ್ನು ಪಡೆಯಲು ಅದೇ ಬಾವಲಿಯನ್ನು ಮತ್ತೆ ಹಿಡಿಯಬೇಕು. ಅರ್ಧ ಗ್ರಾಮಿನ ರೇಡಿಯೋ ಟ್ಯಾಗ್ ಹಾಗಲ್ಲ, ಬ್ಯಾಟರಿ ಇರುವಷ್ಟು ದಿನ, ಅಂದರೆ ಒಂದೆರಡು ವಾರ, ತಾನಿರುವ ಕಡೆಯಿಂದ ರೇಡಿಯೋ ಸಂಕೇತ ಮಿಡಿಯುತ್ತಲೇ ಇರುತ್ತದೆ.

ಅಂಟಿಸುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬಲೆಯಿಂದ ಬಿಡಿಸಿದ ಬಾವಲಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ತೂಗುತ್ತೇವೆ. ಬಸುರಿಯನ್ನೂ ಮರಿ ಕಚ್ಚಿಕೊಂಡ ತಾಯಿಯನ್ನೂ ಆಗಲೇ ಬಿಟ್ಟುಬಿಡುತ್ತೇವೆ. ಉಳಿದವುಗಳ ಹೆಗಲ ನಡುವೆ ಒಂದಿಷ್ಟು ಕೂದಲು ಕತ್ತರಿಸಿ, ಚರ್ಮಕ್ಕೆ ಒಗ್ಗುವ ಅಂಟು ಸವರಿ, ಟ್ಯಾಗ್ ಇಟ್ಟು, ಅಂಟು ಹಿಡಿಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಬೇಕು. ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡ ಆ ದೊಡ್ಡ ಕಿವಿಗಳು ನಮ್ಮ ಪಿಸುಮಾತಿಗೂ ನಡುಗುತ್ತಿದ್ದವು. ಕೈಗವಸಿನ ಮೂಲಕವೂ ಎದೆಬಡಿತ ಬೆರಳಿಗೆ ತಾಗುತ್ತಿತ್ತು. ಹಿಂಸೆಯೇ ಇಲ್ಲ ಎಂದು ನಾನು ಹೇಳಲಾರೆ. ಹಿಡಿಯುವುದೇ ಅದಕ್ಕೊಂದು ಭಯ. ಕೈ ಪಳಗದವರು ಇದಕ್ಕೆ ಇಳಿಯಲೇಬಾರದು.

ಬಿಟ್ಟ ಮೇಲೆ ನಮ್ಮ ರಾತ್ರಿ ಆರಂಭ. ರಿಸೀವರಿನಲ್ಲಿ 150 ಮೆಗಾಹರ್ಟ್ಸ್ ಆಸುಪಾಸಿನ ಆ ಟ್ಯಾಗಿನ ತರಂಗಾಂತರ ಹಾಕಿ, ಮೂರು ಕಡ್ಡಿಯ 'ಯಾಗಿ' ಎಂಬ ಆಂಟೆನಾವನ್ನು ನಿಧಾನವಾಗಿ ಸುತ್ತಿಸುತ್ತೇವೆ. ಸದ್ದು ಅತಿ ಜೋರಾಗಿ ಕೇಳಿದ ದಿಕ್ಕನ್ನು ದಿಕ್ಸೂಚಿಯಲ್ಲಿ ಓದಿಕೊಳ್ಳುತ್ತೇವೆ. ಒಬ್ಬರಿಂದ ಸಿಗುವುದು ದಿಕ್ಕು ಮಾತ್ರ. ಆದ್ದರಿಂದ ಎದುರು ಗುಡ್ಡದಲ್ಲಿ ಇನ್ನೊಬ್ಬರು ಇರುತ್ತಾರೆ. ವಾಕಿಟಾಕಿಯಲ್ಲಿ "ಈಗ" ಎಂದ ಕ್ಷಣವೇ ಇಬ್ಬರೂ ಓದಬೇಕು. ಹಾರುವ ಪ್ರಾಣಿ ಯಾರಿಗೂ ಕಾಯುವುದಿಲ್ಲ. ನಕ್ಷೆಯಲ್ಲಿ ಎರಡು ಗೆರೆಗಳು ಕೂಡುವಲ್ಲಿ ಬಾವಲಿ. ಕಣಿವೆಯಲ್ಲಿ ಸಂಕೇತ ಬಂಡೆಗೆ ಬಡಿದು ತಪ್ಪು ದಿಕ್ಕು ತೋರಿಸುತ್ತದೆ, ಮಳೆ ಬಿದ್ದ ರಾತ್ರಿ ತೊಯ್ದ ಎಲೆಗಳು ಅದನ್ನು ಹೀರಿಕೊಳ್ಳುತ್ತವೆ. ಒಂದೇ ಓದನ್ನು ನಂಬಿ ಕುಳಿತರೆ ಕೆಟ್ಟಿತು.

ನನಗೆ ಅತ್ಯಂತ ಇಷ್ಟವಾದದ್ದು ಕಿವಿಗೆ ಬೀಳುವ ಸದ್ದಿನ ಏರಿಳಿತ. ಬಾವಲಿ ಸುಮ್ಮನೆ ನೇತಾಡುತ್ತಿದ್ದರೆ ಮಿಡಿತ ಒಂದೇ ಸಮ. ಹಾರಿದರೆ ಅದು ಏಳುತ್ತದೆ, ಬೀಳುತ್ತದೆ. ಈ ಬಾವಲಿ ಟೊಂಗೆಯಿಂದ ನೇತಾಡುತ್ತಾ, ತರಗೆಲೆಯ ಮೇಲೆ ಹುಳು ಸರಿದಾಡುವ ಸದ್ದನ್ನು ಆಲಿಸಿ ಎರಗುತ್ತದೆ. ಹೀಗಾಗಿ ನಮಗೆ ಕೇಳುತ್ತಿದ್ದದ್ದು ಬಹಳ ಹೊತ್ತಿನ ಸಮ ಮಿಡಿತ, ಒಂದು ಕ್ಷಣದ ತಡಬಡ, ಮತ್ತೆ ಸಮ. ಕಗ್ಗತ್ತಲಲ್ಲಿ ಕಣ್ಣಿಗೆ ಏನೂ ಕಾಣದೆ ಒಂದು ಬೇಟೆ ನಡೆದದ್ದು ನಮಗೆ ತಿಳಿಯುತ್ತಿತ್ತು! ಒಂದು ಹೆಣ್ಣು ಪ್ರತಿ ಸಂಜೆ ಪಾಳುಮನೆಯ ಅಟ್ಟದಿಂದ ಹೊರಟು, ಅಡಿಕೆ ತೋಟವನ್ನು ನಿಲ್ಲದೆ ದಾಟಿ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಹಳೆಯ ಮರಗಳ ಕೆಳಗೇ ರಾತ್ರಿಯ ಬಹುಪಾಲು ಕಳೆಯುತ್ತಿತ್ತು. ಆ ಬೆಟ್ಟ ಬೋಳಾದರೆ ಅಟ್ಟ ಉಳಿದರೂ ಅದರ ಹೊಟ್ಟೆ ತುಂಬುವುದು ಕಷ್ಟ.

ಒಂಬತ್ತನೆಯ ಸಂಜೆ ಉಳಿದವೆಲ್ಲ ಹೊರಟ ಮೇಲೂ ಅದರ ಮಿಡಿತ ಅಲುಗಲಿಲ್ಲ. ಸತ್ತಿತೇ ಎಂದು ನಮ್ಮ ಎದೆ ಒಡೆದೇ ಹೋಯಿತು. ಬೆಳಗಾಗುತ್ತಲೇ ಟಾರ್ಚ್ ಹಿಡಿದು ಅಟ್ಟದ ಅಡಿಗೆ ಹೋದೆವು. ನೆಲದ ಮೇಲೆ ಪತಂಗದ ರೆಕ್ಕೆಗಳ ರಾಶಿಯ ನಡುವೆ, ನಾಲ್ಕು ಬೂದು ಕೂದಲು ಅಂಟಿಸಿಕೊಂಡು ಟ್ಯಾಗ್ ಬಿದ್ದಿತ್ತು. ಮೇಲೆ ಜಂತಿಯಲ್ಲಿ, ಬೆನ್ನ ಮೇಲೆ ಕತ್ತರಿಸಿದ ಗುರುತು ಹೊತ್ತು, ಅದು ತನ್ನವರ ನಡುವೆ ನೇತಾಡುತ್ತಿತ್ತು.