ವಿಲಿಯಂ ಆಗ್ಡನ್: ಒಂದೇ ರಾತ್ರಿ, ಎರಡು ಬೆಂಕಿ

ಒಬ್ಬರೇ ಒಂದೇ ರಾತ್ರಿ ಎರಡು ಬೆಂಕಿಯಲ್ಲಿ ಆಸ್ತಿ ಕಳೆದುಕೊಂಡರಾ ಅಂತ ಕೇಳಿದರೆ, ಹೌದು, ನಿಜವೇ. ಅಮೆರಿಕದ ಶಿಕಾಗೋ ನಗರದ ಮೊದಲ ಮೇಯರ್ ವಿಲಿಯಂ ಆಗ್ಡನ್ ಒಂದೇ ರಾತ್ರಿ ಎರಡು ಊರುಗಳ ಬೆಂಕಿಯಲ್ಲಿ ಆಸ್ತಿ ಕಳೆದುಕೊಂಡರು. ಅದು 1871ರ ಅಕ್ಟೋಬರ್ 8. ಶಿಕಾಗೋದಲ್ಲಿ ಅವರ ಮನೆ ಸುಟ್ಟುಹೋಯಿತು. ಅದೇ ರಾತ್ರಿ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೋ ಊರು ಕಾಡ್ಗಿಚ್ಚಿಗೆ ಬೂದಿಯಾಯಿತು. ಅಲ್ಲಿ ಅವರ ಮರ ಕೊಯ್ಯುವ ಮಿಲ್ಲು, ಬಕೆಟ್ ತಯಾರಿಸುವ ಕಾರ್ಖಾನೆ ಇದ್ದವು. ಶಿಕಾಗೋದಲ್ಲಿ ಸತ್ತವರು ಸುಮಾರು 300. ಪೆಶ್ಟಿಗೋ ಕಡೆ ಸಾವಿರಕ್ಕೂ ಜಾಸ್ತಿ. ಆದರೂ ಜನ ಶಿಕಾಗೋ ಬೆಂಕಿಯನ್ನೇ ನೆನೆಯುತ್ತಾರೆ. ನನಗೆ ಇದು ತುಂಬಾ ನೋವಿನ ಸಂಗತಿ.

ಆದರೆ ಆಗ್ಡನ್ ಅಂದರೆ ಬರೀ ಬೆಂಕಿಯ ಕಥೆಯಲ್ಲ. 1835ರಲ್ಲಿ ಭಾವ ಕೊಂಡಿದ್ದ ಜಮೀನು ನೋಡಲು ಶಿಕಾಗೋಗೆ ಬಂದಾಗ ಅಲ್ಲಿದ್ದದ್ದು ಬರೀ ಕೆಸರು. ದುಡ್ಡು ದಂಡ ಅಂದುಕೊಂಡರು. ಕೆಲವೇ ತಿಂಗಳಲ್ಲಿ ಅದರ ಒಂದು ಭಾಗ ಮಾರಿದ್ದಕ್ಕೇ ಹಾಕಿದ ಹಣವೆಲ್ಲ ವಾಪಸ್ ಬಂತು! ಎರಡು ವರ್ಷಕ್ಕೆ, 1837ರಲ್ಲಿ, ಮೇಯರ್ ಆದರು.

ನನಗೆ ತುಂಬಾ ಇಷ್ಟವಾಗೋದು ರೈಲಿನ ವಿಷಯ. ಶಿಕಾಗೋದಿಂದ ಗೆಲೀನಾ ಊರಿನ ಕಡೆಗೆ ಹಾಕಬೇಕಿದ್ದ ರೈಲು ಮಾರ್ಗಕ್ಕೆ ದೊಡ್ಡ ಸಾಹುಕಾರರು ಹಣ ಬಿಚ್ಚಲಿಲ್ಲ. ಆಗ್ಡನ್ ಹಳ್ಳಿ ಹಳ್ಳಿ ಸುತ್ತಿ ರೈತರಿಗೆ ಷೇರು ಮಾರಿದರು. ರೈತರು ಯಾಕೆ ಹಣ ಕೊಟ್ಟರು ಅಂದರೆ, ಗೋಧಿ ಗಾಡಿ ಕೆಸರಲ್ಲಿ ಹೂತರೆ ಎಳೆಯುವ ಕಷ್ಟ ಅವರಿಗೆ ಗೊತ್ತಿತ್ತು, ಅಲ್ವಾ? 1848ರಲ್ಲಿ ಆ ಮಾರ್ಗದಲ್ಲಿ 'ಪಯನೀರ್' ಎಂಬ ಹಳೇ ಎಂಜಿನ್ ಓಡಿತು. ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ ರೈತನ ಗೋಧಿಯನ್ನೂ ಹೊತ್ತು ತಂದಿತು. ಶಿಕಾಗೋ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಆ ಎಂಜಿನ್ ಇದೆ, ಆ ಕಡೆ ಹೋದರೆ ಖಂಡಿತ ನೋಡಿ.