‘ಪುರಾವೆ ಇಲ್ಲ’ ಅಂದರೆ ಏನೂ ಕಳುವಾಗಿಲ್ಲ ಅಂತಲಾ?

ಪ್ರಶ್ನೆ: ನಮ್ಮೂರು ಕಲಬುರಗಿ. ಈಗ ಪುಣೆಯ ಪಿಂಪ್ರಿಯಲ್ಲಿ ಸಣ್ಣ ಕಂಪನಿಯೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ನಾವು ಸಂಬಳಕ್ಕೆ ಬಳಸುವ ಸಾಫ್ಟ್‌ವೇರ್‌ನೊಳಗೆ ಹ್ಯಾಕರ್‌ಗಳು ನುಗ್ಗಿದ್ದರಂತೆ. ‘ಗ್ರಾಹಕರ ಸುರಕ್ಷತೆಯೇ ನಮಗೆ ಮೊದಲು, ಡೇಟಾ ದುರ್ಬಳಕೆಯಾದ ಪುರಾವೆ ಇಲ್ಲ’ ಎಂದು ಅದರ ಸಿಇಒ ಮೇಲ್ ಕಳಿಸಿದ್ದಾರೆ. ಐಟಿ ಕಂಪನಿಗಳೇ ತುಂಬಿರುವ ಹಿಂಜವಡಿಯಲ್ಲಿರುವ ನನ್ನ ತಮ್ಮ ಓದಿ ನಕ್ಕುಬಿಟ್ಟ. ಯಾಕೆ?

ಉತ್ತರ: ನಿಮ್ಮ ತಮ್ಮ ಇಂಥ ಮೇಲ್ ಬಹಳ ನೋಡಿರಬೇಕು! ಮೊದಲ ಸಾಲು ಬಿಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ಗಮನ ಕೊಡಬೇಕಾದ್ದು ‘ಪುರಾವೆ ಇಲ್ಲ’ ಅನ್ನೋದಕ್ಕೆ. ಸರ್ವರ್‌ಗೆ ಯಾರು ಯಾವಾಗ ಬಂದರು, ಯಾವ ಫೈಲ್ ತೆಗೆದರು ಅನ್ನೋದು ಲಾಗ್‌ನಲ್ಲಿ ದಾಖಲಾಗುತ್ತದೆ. ಲಾಗ್ ಇಟ್ಟೇ ಇಲ್ಲದಿದ್ದರೆ, ಅಥವಾ ತಿಂಗಳಿಗೊಮ್ಮೆ ಅಳಿಸಿಹಾಕುತ್ತಿದ್ದರೆ, ಪುರಾವೆ ಎಲ್ಲಿಂದ ಬರಬೇಕು? ಹುಡುಕಿ ಸಿಗಲಿಲ್ಲವಾ, ಹುಡುಕಲು ಏನೂ ಉಳಿದಿರಲಿಲ್ಲವಾ ಎಂದು ಆ ವಾಕ್ಯ ಹೇಳುವುದಿಲ್ಲ.

ಪುಣೆಯದ್ದೇ ಒಂದು ಪ್ರಕರಣ ನೋಡಿ. 2018ರ ಆಗಸ್ಟ್‌ನಲ್ಲಿ ಕಾಸ್ಮೋಸ್ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ದಾಳಿಯಾದದ್ದು ಕಾರ್ಡ್ ವ್ಯವಹಾರಕ್ಕೆ ಒಪ್ಪಿಗೆ ಕೊಡುವ ‘ಸ್ವಿಚ್’ ಎಂಬ ವ್ಯವಸ್ಥೆಯ ಮೇಲೆ, ಗ್ರಾಹಕರ ಖಾತೆಗಳ ಮೇಲೆ ಅಲ್ಲ ಎಂದು ಬ್ಯಾಂಕ್ ಹೇಳಿತು. ಕೆಟ್ಟ ಸುದ್ದಿಯೇ, ಆದರೆ ಪರೀಕ್ಷಿಸಿ ನೋಡಬಹುದಾದ ಮಾತು.

ಇನ್ನೊಂದು ಚಾಳಿ ಇದೆ, ಸಣ್ಣವರ ತಲೆಗೆ ಕಟ್ಟುವುದು. ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಅದು ವೆಬ್‌ಸೈಟ್‌ಗೆ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರ್‌ನ ದೋಷ ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿರಲಿಲ್ಲ. ಆಗಷ್ಟೇ ಸಿಇಒ ಹುದ್ದೆ ಬಿಟ್ಟಿದ್ದ ರಿಚರ್ಡ್ ಸ್ಮಿತ್ ಅಲ್ಲಿನ ಸಂಸದರ ಮುಂದೆ ಒಬ್ಬ ಸಿಬ್ಬಂದಿಯ ಲೋಪದ ಮಾತೆತ್ತಿದರು. 2021ರಲ್ಲಿ, ನೆಟ್‌ವರ್ಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಮಾಜಿ ಸಿಇಒ ‘ಸೋಲಾರ್‌ವಿಂಡ್ಸ್123’ ಎಂಬ ಪಾಸ್‌ವರ್ಡ್ ಹೊರಬಿದ್ದದ್ದನ್ನು ಒಬ್ಬ ಇಂಟರ್ನ್ ಮಾಡಿದ ತಪ್ಪು ಎಂದರು. ಇಂಟರ್ನ್ ಇಟ್ಟ ಪಾಸ್‌ವರ್ಡ್ ನೋಡೋಕೆ ಮೇಲೆ ಯಾರೂ ಇರಲಿಲ್ವಾ? ಅದನ್ನು ಹೇಳಬೇಕಾದವರು ಸಿಇಒ ತಾನೇ.

ನೀವು ಸುಮ್ನೆ ಕೂರಬೇಡಿ. ಮಾಲೀಕರಿಗೆ ಹೇಳಿ, ಕಂಪನಿ ಹೆಸರಲ್ಲೇ ಮೇಲ್ ಹಾಕಿ. ಹ್ಯಾಕರ್‌ಗಳು ಎಂದಿನಿಂದ ಒಳಗಿದ್ದರು, ಎಷ್ಟು ದಿನದ ಲಾಗ್ ಇದೆ, ನಮ್ಮವರ ಪ್ಯಾನ್ ಮತ್ತು ಬ್ಯಾಂಕ್ ಖಾತೆ ನಂಬರ್ ಅದೇ ಸರ್ವರ್‌ನಲ್ಲಿತ್ತಾ ಎಂದು ಕೇಳಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಿದ್ದೀರಾ ಅಂತಲೂ ಕೇಳಿ. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು 2022ರಿಂದ ನಿಯಮವಿದೆ.

ಉತ್ತರ ಬರುವವರೆಗೆ ಕಾಯದೆ ಪಾಸ್‌ವರ್ಡ್ ಬದಲಿಸಿ. ಸಂಬಳದ ಮೊತ್ತ ಸರಿಯಾಗಿ ಹೇಳಿ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಅಂತ ಯಾರಾದರೂ ಫೋನ್ ಮಾಡಿದರೆ ಓಟಿಪಿ ಕೊಡಬೇಡಿ ಎಂದು ಸಹೋದ್ಯೋಗಿಗಳಿಗೆ ಇವತ್ತೇ ಹೇಳಿ.